ಕಂಬವಾಗಿ ನಿಂತ ಸಂಜೆ

ತುಮಕೂರಿನಿಂದ ಬೆಂಗಳೂರು ಮಹಾ ದೂರವೇನಲ್ಲ; ಆದರೂ ನಮ್ಮ ಸಣ್ಣ ಪತ್ರಿಕೆಯ ಖರ್ಚಿನಲ್ಲಿ ಮೊದಲ ಬಾರಿಗೆ ಮಹಾನಗರಕ್ಕೆ ವರದಿಗೆಂದು ಹೊರಟ ಆ ಬೆಳಗ್ಗೆ, ನಾನು ಚಪಾತಿ, ಚಟ್ನಿಪುಡಿಯ ಬುತ್ತಿ ಕಟ್ಟಿಕೊಂಡಿದ್ದೆ. ಬುತ್ತಿಯೊಂದೇ ಆಗಿದ್ದರೆ ತೊಂದರೆಯಿರಲಿಲ್ಲ ಗೆಳೆಯರೇ, ವರದಿಯ ತಲೆಬರಹವನ್ನೂ ಮನೆಯಿಂದಲೇ ಕಟ್ಟಿಕೊಂಡಿದ್ದೆ: ‘ಹೊಲಿಗೆ ಬಿಟ್ಟು ಹ್ಯಾಂಡಲ್ ಹಿಡಿದ ನಮ್ಮೂರ ಮಗಳು’.

ಆ ಮಗಳೇ ಜಯಮ್ಮ. ನಮ್ಮ ಜಿಲ್ಲೆಯ ಹಳ್ಳಿಯೊಂದರಿಂದ ಮದುವೆಯಾಗಿ ಬೆಂಗಳೂರಿನ ಹೆಗ್ಗನಹಳ್ಳಿಗೆ ಬಂದು, ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತ ಹೊಲಿಯುತ್ತಲೇ ಕೂದಲು ನರೆತವರು. ಕಾರ್ಖಾನೆ ಬಾಗಿಲು ಹಾಕಿದ ಮೇಲೆ, ಕೈಕಟ್ಟಿ ಕೂರಲಾರದೆ, ಬ್ಯಾಟರಿ ಆಟೋ ಓಡಿಸಲು ಕಲಿಯುತ್ತಿದ್ದರು. ಅಂದು ಅವರ ಲೈಸೆನ್ಸ್ ಪರೀಕ್ಷೆ. ಮುಂದಕ್ಕೆ ಸಲೀಸಾಗಿ ಹೋದ ಆಟೋ, ಪರೀಕ್ಷೆಗೆಂದು ನಿಲ್ಲಿಸಿದ್ದ ಕಂಬಗಳ ನಡುವೆ ಹಿಂದಕ್ಕೆ ಬರುವಾಗ ಮಾತ್ರ ತಡವರಿಸಿ ಕೊನೆಯ ಕಂಬವನ್ನು ಉರುಳಿಸಿತು. ನನ್ನ ತಲೆಬರಹವೂ ಅದರ ಜೊತೆಗೇ ಉರುಳಿತು.

“ಫೇಲಾದವರ ಬಗ್ಗೆ ಏನಮ್ಮಾ ಬರೀತೀಯಾ? ವಾಪಸ್ ಬಾ,” ಎಂದರು ಫೋನಿನಲ್ಲಿ ಸಂಪಾದಕರು.

ಜಯಮ್ಮನಿಗೂ ಅದೇ ಬೇಕಿತ್ತು. “ಬರೀಬೇಡಿ ಮೇಡಂ. ಊರಲ್ಲೆಲ್ಲ ಆಡ್ಕೊಂಡು ನಗ್ತಾರೆ. ಸಾಕು ಬಿಡಿ, ಎಲ್ಲಾದ್ರೂ ಮನೆಕೆಲಸ ಹುಡುಕ್ಕೋತೀನಿ,” ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡರು.

ಹಾಗೆ ಬಿಟ್ಟು ಬರಲು ನನಗೆ ಕಾಲು ಏಳಲಿಲ್ಲ. ಹೊಂಗೆಮರದ ನೆರಳಿನಲ್ಲಿ ಇಬ್ಬರೂ ಬುತ್ತಿ ಹಂಚಿಕೊಂಡೆವು. ಹೊಟ್ಟೆ ತಣ್ಣಗಾದ ಮೇಲೆ, “ಇನ್ನೊಂದ್ಸಲ ಪರೀಕ್ಷೆ ಕೊಡಬಹುದಲ್ವಾ?” ಎಂದೆ.

“ಕೊಡಬಹುದು. ಆದ್ರೆ ಕಂಬ ಕಂಡ್ರೆ ಕೈ ನಡುಗುತ್ತೆ.” ನನ್ನನ್ನೇ ಅಳೆಯುವಂತೆ ನೋಡಿ, ಇದ್ದಕ್ಕಿದ್ದಂತೆ ನಕ್ಕರು. “ನೀವ್ ನಿಂತ್ಕೋತೀರಾ? ಮನುಷ್ಯರಾದ್ರೆ ಗುದ್ದೋಕೆ ಮನಸ್ಸು ಬರಲ್ಲ!”

ಹೀಗೆ ಆ ಸಂಜೆ, ಸುಂಕದಕಟ್ಟೆಯ ಆಚೆಯ ಖಾಲಿ ಸೈಟೊಂದರಲ್ಲಿ ನಾನು ಕಂಬವಾದೆ. ಪತ್ರಕರ್ತರು ತಟಸ್ಥರಾಗಿರಬೇಕೆಂದು ಕಲಿತವಳು ನಾನು. ತಟಸ್ಥ ಎಂದರೆ ದಡದಲ್ಲಿ ನಿಂತವನು. ಹೊಳೆ ದಾಟುವವರ ಧೈರ್ಯವನ್ನೂ ಮುಳುಗುವವರ ಸಂಕಟವನ್ನೂ ಸೀರೆಯ ಅಂಚು ಸಹ ಒದ್ದೆಯಾಗದಂತೆ ಬಣ್ಣಿಸುವುದು ದಡದಲ್ಲಿ ನಿಂತವರಿಗೆ ಎಷ್ಟು ಸುಲಭ! ಆಟೋದ ಹಿಂಭಾಗ ನನ್ನತ್ತ ಓಲಾಡುತ್ತ ಬರತೊಡಗಿದಾಗ ತಿಳಿಯಿತು, ಈ ಬಾರಿ ನಾನು ನೀರಿಗಿಳಿದಿದ್ದೇನೆ. ಕಾಲು ತಾನಾಗಿಯೇ ಹಿಂದೆ ಸರಿಯುತ್ತಿತ್ತು.

“ಮೇಡಂ, ಅಲ್ಲಾಡ್ಬೇಡಿ! ನನ್ ಮೇಲೆ ನಂಬಿಕೆ ಇಲ್ವಾ?”

ನಿಂತೆ. ಆಟೋ ನನ್ನ ಪಕ್ಕಕ್ಕೆ ಬಂತು, ಬಳಸಿತು, ಮುಟ್ಟದೆ ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ನಂಬುವುದಕ್ಕೂ ಅಭ್ಯಾಸ ಬೇಕೆಂದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಅವರ ಕೈ ಪಳಗಿದಂತೆಲ್ಲ ನನ್ನ ಕಾಲೂ ಪಳಗಿತು. ಹೊತ್ತು ಇಳಿಯುವಷ್ಟರಲ್ಲಿ ಜಯಮ್ಮ ಮಗ್ಗುಲು ಬದಲಿಸಿದಷ್ಟು ಸಹಜವಾಗಿ ಆಟೋ ತಿರುಗಿಸುತ್ತಿದ್ದರು.

ಇಳಿದು ಬಂದವರು, “ಬರ್ಕೊಳ್ಳಿ ಮೇಡಂ,” ಎಂದರು. “ನಗೋರು ನಗ್ಲಿ. ಬೀಳ್ಸಿದ್ದೂ ಬರೀರಿ, ಬಿಡದೆ ಕಲ್ತಿದ್ದೂ ಬರೀರಿ.”

ಬರೆದೆ. ಸಂಪಾದಕರು ಗೊಣಗುತ್ತಲೇ ಓದಿ, ಒಳಪುಟದ ಮೂಲೆಯೊಂದರಲ್ಲಿ ಜಾಗ ಕೊಟ್ಟರು. ಕೆಲವು ವಾರಗಳ ನಂತರ ಫೋನು ಬಂತು. “ಪಾಸಾದೆ ಕಣಮ್ಮಾ!” ‘ಮೇಡಂ’ ಕಳೆದುಹೋಗಿ ‘ಕಣಮ್ಮಾ’ ಬಂದದ್ದಕ್ಕೆ ಹಿಗ್ಗಿದೆನೋ, ಅವರು ಪಾಸಾದದ್ದಕ್ಕೆ ಹಿಗ್ಗಿದೆನೋ, ಇಂದಿಗೂ ಹೇಳಲಾರೆ.

ಮುಂದಿನ ಭಾನುವಾರವೇ ಬಸ್ಸು ಹತ್ತಿದೆ. ಯಾವ ವರದಿಗೂ ಅಲ್ಲ, ಸುಮ್ಮನೆ. ಬಾಡಿಗೆಗೆ ಪಡೆದ ಆಟೋದಲ್ಲಿ ನನ್ನನ್ನು ಕೂರಿಸಿಕೊಂಡು ಜಯಮ್ಮ ಮಾಗಡಿ ರಸ್ತೆಗೆ ಇಳಿದರು. ಎಡಕ್ಕೆ ಲಾರಿ, ಬಲಕ್ಕೆ ಬಸ್ಸು. ನಡುವೆ ಅವರು ಹಾರನ್ ಒತ್ತುತ್ತ, ಗುನುಗುತ್ತ ಸಾಗಿದರು. ಅಂದು ನನ್ನ ಕೈಯಲ್ಲಿ ಪೆನ್ನಿರಲಿಲ್ಲ. ಎರಡೂ ಕೈಗಳಿಂದ ಮುಂದಿನ ಕಂಬಿಯನ್ನು ಬಿಗಿಯಾಗಿ ಹಿಡಿದು, ಗಟ್ಟಿಯಾಗಿ ನಗುತ್ತಿದ್ದೆ.