ಕೊಟ್ರಪ್ಪನ ಸೈಕಲ್ಲಿಗೆ ವಿಮೆ

ಕುಷ್ಟಗಿ ಹಾದಿಯ ನಮ್ಮೂರಿನ ಹತ್ತಿ ದಲಾಲಿ ಕೊಟ್ರಪ್ಪ ಸೈಕಲ್ಲನ್ನು ಹತ್ತಿದ್ದಕ್ಕಿಂತ ಹೊತ್ತದ್ದೇ ಹೆಚ್ಚು. ಜಾಲಿಮುಳ್ಳು ಕಂಡರೆ ಹೆಗಲಿಗೇರಿಸುತ್ತಾನೆ. ಬಿಸಿಲು ಚುರುಗುಟ್ಟಿದರೆ ತನ್ನ ರುಮಾಲನ್ನೇ ಬಿಚ್ಚಿ ಅದಕ್ಕೆ ಹೊದಿಸುತ್ತಾನೆ. ಇಂಥವನೆದುರು ಗದಗಿನ ವಿಮೆ ಏಜೆಂಟ, “ಕಳುವಾದ್ರ ಕಂಪನಿ ಪೂರಾ ರೊಕ್ಕ ಕೊಡ್ತೈತ್ರಿ” ಎಂದಾಗ ಕೊಟ್ರಪ್ಪ ಹೌಹಾರಿ ಸೀಟನ್ನು ಅಪ್ಪಿಕೊಂಡ. “ಅಂಥಾ ಮಾತು ಅದರ ಮುಂದ ಆಡಬ್ಯಾಡ್ರಿ.” ಏಜೆಂಟ ನಕ್ಕು, “ರೊಕ್ಕ ಬಂದ ಮ್ಯಾಲ ಹೊಸಾದು ತರಬಹುದಲ್ರಿ” ಎಂದ. “ಬರೂತನಕ ಏನು ಮಾಡ್ಲಿ? ಎತ್ತಿನ ಗಾಡಿಯಾಗ ಪಕ್ಕದೂರಿನ ಸೂಲಗಿತ್ತಿ ಬರೂದ್ರಾಗ ನನ್ನ ಹೆಂಡ್ತಿ ಹೋದ್ಲು. ಈಗ ಯಾರಿಗೆ ಹೆರಿಗಿ ಬ್ಯಾನಿ ಬಂದ್ರೂ ಆ ಸೂಲಗಿತ್ತೀನ್ನ ಈ ಕ್ಯಾರಿಯರ್ ಮ್ಯಾಲ ಕುಂದ್ರಿಸಿಕೊಂಡು ಬರ್ತೀನಿ. ರೊಕ್ಕ ಬ್ಯಾಡ್ರಿ. ಇದು ಹೋದ ದಿನಾನ ಇನ್ನೊಂದು ಸೈಕಲ್ಲು ಬಾಗಲಿಗೆ ನಿಲ್ಲಿಸ್ತೀವಿ ಅಂತ ಬರದು ಕೊಡ್ರಿ, ಈಗ ಹೆಬ್ಬಟ್ಟು ಒತ್ತತೀನಿ.” ಏಜೆಂಟ ಪೆನ್ನಿನ ಮುಚ್ಚಳ ಹಾಕಿದ.