ಹೊಗೆಯ ಪರವಾಗಿ ಎರಡು ಮಾತು

ಎದುರಿನವರು ಬಾಯಿ ತೆರೆಯುವ ಮೊದಲೇ ಅವರು ಹೇಳಲಿರುವುದು ತಪ್ಪು ಎಂದು ನನಗೆ ಅನ್ನಿಸಿಬಿಡುತ್ತದೆ. ಚರ್ಚಾಸ್ಪರ್ಧೆಗಳಲ್ಲಿ ಈ ರೋಗಕ್ಕೆ ಬಹುಮಾನದ ಕಪ್ ಕೊಡುತ್ತಾರೆ. ಮನೆಯಲ್ಲಿ ಊಟ ಕೊಡುವುದೂ ಕಷ್ಟ. ಹಾಗಾಗಿ ನಮ್ಮಣ್ಣ ಪರಶು, ಜೋಯಿಡಾದ ಕಡೆ ಬಾಗಿಲು ಮುಚ್ಚಿದ ಹೋಂಸ್ಟೇ ಒಂದರಿಂದ ಪೆಲೆಟ್ ಗ್ರಿಲ್ ತಂದು ದಾಂಡೇಲಿಯ ನಮ್ಮ ಹಿತ್ತಲಲ್ಲಿಟ್ಟು, "ಇದ್ರಾಗ ಹೊಗೀಲೆ ಕೋಳಿ ಬೇಯಿಸಿದ್ರ ರಸ ಒಳಗ ಉಳೀತೈತಿ" ಎಂದಾಗ ನಾನು ಎದ್ದೇ ನಿಂತೆ. ಹೊಗೆ ಒಣಗಿಸುವ ವಸ್ತು. ಒಲೆಯ ಮೇಲೆ ಕಟ್ಟಿದ ಮೀನು ಒಣಗುತ್ತದೆ, ಕೊಬ್ಬರಿ ಒಣಗುತ್ತದೆ, ಒಲೆ ಊದುವವಳ ಗಂಟಲೂ ಒಣಗುತ್ತದೆ. ಕೋಳಿಯೊಂದಕ್ಕೆ ಮಾತ್ರ ವಿನಾಯಿತಿ ಎನ್ನಲು ಆಧಾರವೇನು?

"ಆಧಾರ ಐತವಾರ ತಿಂತೀಯಲ್ಲ," ಎಂದ ಅಣ್ಣ.

ಗ್ರಿಲ್ಲಿಗೆ ಡ್ರಮ್ಮಿನಂಥ ಹೊಟ್ಟೆ, ಪಕ್ಕಕ್ಕೊಂದು ಡಬ್ಬಿ. ಡಬ್ಬಿಯ ತುಂಬ ಮರದ ಹೊಟ್ಟನ್ನು ಒತ್ತಿ ಮಾಡಿದ ಗುಳಿಗೆಗಳು. ಕರೆಂಟಿನಿಂದ ತಿರುಗುವ ಸ್ಕ್ರೂ ಅವನ್ನು ಇಷ್ಟಿಷ್ಟೇ ಬೆಂಕಿಗೆ ತಳ್ಳುತ್ತದೆ, ಪುಟ್ಟ ಫ್ಯಾನು ಊದುತ್ತದೆ. ಅವ್ವ ಒಂದು ಹಿಡಿ ಗುಳಿಗೆ ತೆಗೆದು ಮೂಸಿದಳು.

"ಇದು ಕೋಳಿಗೆ ಹಾಕೂ ಕಾಳಲ್ಲೇನು? ಜೀವ ಇದ್ದಾಗ ತಿನಸೂದಪಾ, ಸತ್ತ ಮ್ಯಾಲ ಯಾಕ?"

ಅಣ್ಣನಿಗೆ ಮಾತ್ರ ಇದು ನಗುವ ವಿಷಯವಾಗಿರಲಿಲ್ಲ. ಅವನು ಕಾಳಿ ನದಿಯಲ್ಲಿ ರಾಫ್ಟ್ ನಡೆಸುತ್ತಿದ್ದವನು. ಭುಜ ಜಾರಿದ ಮೇಲೆ ಹುಟ್ಟು ಹಿಡಿಯುವ ಹಾಗಿಲ್ಲ. ಮೌಳಂಗಿಯ ಹತ್ತಿರ, ಹೊಳೆ ನೋಡಲು ಬರುವವರಿಗೆ ಹೊಗೆಕೋಳಿ ಮಾರುತ್ತೇನೆಂದು ಹಟ ಹಿಡಿದಿದ್ದ. ಅವನು ಹಳಿಯಾಳದಲ್ಲಿ ಸೋದರಮಾವನ ಟೈರ್ ಅಂಗಡಿಯಲ್ಲಿ ಕೂರಲಿ ಎಂಬುದು ಅವ್ವನ ಹಟ. ಕೊನೆಗೆ ತೀರ್ಪನ್ನು ಆತ್ಯಾಳಿಗೆ ಬಿಟ್ಟರು. ಆತ್ಯಾ ಎಂದರೆ ಅಪ್ಪನ ಅಕ್ಕ. ಭಾನುವಾರ ಸನವಳ್ಳಿಯಿಂದ ಊಟಕ್ಕೆ ಬರುವವಳಿದ್ದಳು. ಅವಳು ತಿಂದು ಹೂಂ ಅಂದರೆ ಮೌಳಂಗಿ. ಊಹೂಂ ಅಂದರೆ ಗ್ರಿಲ್ಲು ಗುಜರಿಗೆ, ಅಣ್ಣ ಟೈರಿಗೆ. ವಿರೋಧ ಪಕ್ಷಕ್ಕೆ ನಾನಿದ್ದೆ, ಯಾರೂ ನೇಮಿಸದೆಯೇ.

ಹಿಂದಿನ ಸಂಜೆ ಅಣ್ಣ ತೊಗಲು ಸುಲಿಯದ ಕೋಳಿಯನ್ನು ಉಪ್ಪು, ಬೆಲ್ಲ, ಬೆಳ್ಳುಳ್ಳಿಯ ನೀರಿನಲ್ಲಿ ಮುಳುಗಿಸಿಟ್ಟ. ಬೆಳಿಗ್ಗೆ ತೆಗೆದು ಒರೆಸಿ, ಖಾರಪುಡಿ, ಕರಿಮೆಣಸು ಹಚ್ಚಿ ಒಳಗಿಟ್ಟು ಮುಚ್ಚಿದ. ನಾನು ಪರಿಶೀಲನೆಗೆಂದು ಮುಚ್ಚಳ ಎತ್ತಿದೆ. ತುಸು ಹೊತ್ತು ಬಿಟ್ಟು ಮತ್ತೊಮ್ಮೆ ಎತ್ತಿದೆ.

"ಏ ತಂಗಿ, ನೀ ನೋಡಿದಷ್ಟೂ ಶಕಿ ಹೊರಗ ಹೋಗ್ತೈತಿ. ಕೈ ತಗಿ."

ನೋಡದೆ ನಂಬಬೇಕಾದ ಸಂಗತಿಗಳನ್ನೆಲ್ಲ ನಾನು ದೇವರ ಜತೆಗೇ ಕೈಬಿಟ್ಟವಳು. ಆದರೆ ಕೋಳಿಯ ಎದೆಗೆ ಚುಚ್ಚಿದ ತಂತಿಯೊಂದು ಒಳಗಿನ ಶಾಖವನ್ನು ಹೊರಗೆ ಅಂಕಿಯಲ್ಲಿ ತೋರಿಸುತ್ತಿತ್ತು. ಮುಚ್ಚಳ ಬಿಟ್ಟು ಅಂಕಿಯ ಮುಂದೆ ಕೂತೆ. ಭಜನೆಗೆ ಕೂರುವವರೂ ಹಾಗೆಯೇ ಕೂರುತ್ತಾರೆಂದು ಈಗ ಹೊಳೆಯುತ್ತಿದೆ. ತೆಳ್ಳಗಿನ ನೀಲಿ ಹೊಗೆ ಸುಮ್ಮನೆ ಹೊರಡುತ್ತಿತ್ತು. ಈ ಊರಲ್ಲಿ ಹುಟ್ಟಿದವಳಿಗೆ ಮರವೆಂದರೆ ದಿಮ್ಮಿ, ಲಾರಿ, ಗರಗಸದ ಸದ್ದು. ಅದರೊಳಗೆ ಇಂಥದೊಂದು ಪರಿಮಳ ಇಷ್ಟು ವರ್ಷ ಬಾಯಿಮುಚ್ಚಿ ಕೂತಿತ್ತೇ? ಬೇಯಲಿಟ್ಟದ್ದು ಕೋಳಿ, ಮೆತ್ತಗಾಗುತ್ತಿದ್ದದ್ದು ನಾನು.

ಊಟಕ್ಕೆ ಕೂತೆವು. ಆತ್ಯಾ ಕೋಳಿಯ ಕಾಲು ಮುರಿದಳು. ಎಲುಬಿನ ಸುತ್ತ ಮಾಂಸ ಗುಲಾಬಿ ಬಣ್ಣಕ್ಕಿತ್ತು.

"ಯವ್ವಾ, ಇದು ಹಸೀನ ಐತಲ್ಲ."

ನಮ್ಮ ಕಡೆ ಕೋಳಿಯೆಂದರೆ ಕುದಿಯಬೇಕು. ಕೆಂಪು ಉಳಿದರೆ ಬೇಯಿಸಿದವಳ ಮಾನ ಉಳಿಯುವುದಿಲ್ಲ. ಅವ್ವ ಆ ಕಾಲನ್ನು ಕಸಿದುಕೊಂಡು, ಇರಲಿ ಎಂದು ಮೊದಲೇ ಒಲೆಗೇರಿಸಿದ್ದ ಖಾರದ ಸಾರು, ರಸ್ಸಾದೊಳಗೆ ಮುಳುಗಿಸಿಬಿಟ್ಟಳು. ಅಣ್ಣ ಭುಜ ನೀವಿಕೊಳ್ಳುತ್ತ ಎದ್ದು ಹಿತ್ತಲಿಗೆ ಹೋದ.

ನಾನು ಗೆದ್ದಿದ್ದೆ. ಆದರೆ ಆ ಅಂಕಿ ಬೇಯುವ ಮಟ್ಟಕ್ಕೆ ಏರಿದ್ದನ್ನು ಕಣ್ಣಾರೆ ಕಂಡ ಸಾಕ್ಷಿಯೂ ನಾನೇ.

"ಬೆಂದೈತಿ ಆತ್ಯಾ," ಎಂದೆ.

"ನಿನ್ನೀತನಾ ನೀನ ಬ್ಯಾಡ ಅಂತಿದ್ದೀ?"

"ಇವತ್ತ ಹೌದು ಅಂತೇನಿ."

"ವಕೀಲರ ನಾಲಿಗಿ ಬಿಡವಾ, ಎರಡೂ ಕಡೆ ಹೊಳ್ಳತೈತಿ."

ರಸ್ಸಾ ಕೊತಕೊತ ಕುದಿಯಿತು. ಅವ್ವ ಸೌಟಿನಿಂದ ಕಾಲನ್ನೆತ್ತಿದಳು: ಗುಲಾಬಿ. ಮತ್ತೆ ಮುಳುಗಿಸಿ ರೊಟ್ಟಿ ತಟ್ಟಿದಳು, ಮತ್ತೆ ಎತ್ತಿದಳು: ಗುಲಾಬಿಯೇ. ಮಾಂಸವೆಲ್ಲ ಎಲುಬು ಬಿಟ್ಟು ಕಳಚುವಷ್ಟಾದರೂ ಬಣ್ಣ ಜಗ್ಗಲಿಲ್ಲ.

"ಇದೇನ ಬಣ್ಣೋ, ಹಠಾನೋ," ಎಂದಳು ಅವ್ವ, ಮೆಲ್ಲಗೆ.

ಅಷ್ಟು ಕುದಿದರೂ ಹೋಗದ್ದು ಹಸಿಯ ಕೆಂಪಲ್ಲ, ಹೊಗೆಯ ಕೆಂಪು. ನಾನು ಹೂಡಬೇಕಿದ್ದ ವಾದವನ್ನು ರಸ್ಸಾವೇ ಹೂಡಿ ಮುಗಿಸಿತ್ತು. ಆತ್ಯಾ ತಟ್ಟೆಯ ಕೋಳಿಯ ಎದೆಯಿಂದ ಒಂದು ಎಳೆ ಕಿತ್ತು ಬಾಯಿಗಿಟ್ಟಳು. ರಸ ಗದ್ದಕ್ಕಿಳಿಯಿತು, ಒರೆಸಿಕೊಳ್ಳಲಿಲ್ಲ. ನಾನೂ ತಿಂದೆ. ಮೊದಲು ಉಪ್ಪು, ಆಮೇಲೆ ಬೆಲ್ಲದ ನೆರಳು, ಕೊನೆಗೆ ದೂರದ ಕಾಡಲ್ಲಿ ಯಾರೋ ನಮಗಾಗಿ ಬೆಂಕಿ ಹಾಕಿಕೊಂಡು ಕಾದಿದ್ದಾರೆ ಎನ್ನಿಸುವಂಥದು. ಉಪ್ಪು ನೀರನ್ನು ಹಿಡಿದಿಟ್ಟಿತು, ನಿಧಾನದ ಶಾಖ ಅದನ್ನು ಹಿಂಡಲಿಲ್ಲ ಎಂಬ ವಿವರಣೆ ನನಗೆ ಗೊತ್ತು. ವಿವರಣೆ ಬಂದ ಕೂಡಲೇ ಬೆರಗು ಎದ್ದು ಹೋಗುತ್ತದೆಂದು ವೇದಿಕೆಗಳಲ್ಲಿ ವಾದಿಸಿದ್ದೆ. ಅವತ್ತು ಎರಡೂ ಒಂದೇ ಪಂಕ್ತಿಯಲ್ಲಿ ಕೂತು ಉಂಡವು.

ಆಮೇಲೆ ಆತ್ಯಾ ಆ ಹೊಗೆ ಹಿಡಿದ ರಸ್ಸಾವನ್ನೂ ಬಟ್ಟಲಿಗೆ ಹಾಕಿಸಿಕೊಂಡು ಕುಡಿದು, ಹಿತ್ತಲ ಕಡೆ ಕೂಗಿದಳು.

"ಏ ಪರಶ್ಯಾ, ನೀ ಮೌಳಂಗ್ಯಾಗ ಕೋಳಿ ಮಾರಾಕ ಕುಂತ್ರ ರಸ್ಸಾ ಮಾಡಾಕ ಯಾರನ್ನ ಇಟ್ಕೋತೀ?"

ಉತ್ತರ ಒಲೆಯ ಕಡೆಯಿಂದ ಬಂತು. "ಯಾರನ್ನ ಇಟ್ಕೋತಾನ? ನಾ ಏನ್ ಸತ್ತೇನೇನು?"

ಈಗ ಭಾನುವಾರಗಳಂದು ಮೌಳಂಗಿಯಲ್ಲಿ ಮುಚ್ಚಳ ಕಾಯುವ ಕೆಲಸ ನನ್ನದು. ಮೊನ್ನೆ ಒಬ್ಬ ಹುಡುಗಿ, ಕಾಲೇಜಿನವಳು, ಮುಚ್ಚಳಕ್ಕೆ ಕೈ ಹಾಕುತ್ತ, "ಒಳಗ ಬೆಂದೈತಿ ಅನ್ನಾಕ ಆಧಾರ ಏನ್ರಿ?" ಎಂದು ಹುಬ್ಬೇರಿಸಿದಳು. ನನ್ನ ಬಳಿ ಒಳ್ಳೊಳ್ಳೆಯ ವಾದಗಳಿದ್ದವು. ಅಂಕಿಯ ಮುಂದೆ ಕುರ್ಚಿ ಎಳೆದುಕೊಟ್ಟು, "ಕೂಡ್ರಿ," ಎಂದೆ.