ಅತ್ತೆಗೆ ಬಂದ ಜ್ವರ

ನಮ್ಮ ಅತ್ತೆಯ ಬಲಗೈಗೆ ಬುಕ್ಕಾಂಬುಧಿಯ ಸುತ್ತಮುತ್ತ ದೊಡ್ಡ ಹೆಸರಿತ್ತು. ಯಾರ ಮನೆಯ ಮಗುವಿಗೆ ಮೈ ಬೆಚ್ಚಗಾದರೂ ಮೊದಲು ಎತ್ತಿಕೊಂಡು ಬರುತ್ತಿದ್ದದ್ದು ನಮ್ಮ ಜಗಲಿಗೆ. ಅತ್ತೆ ಹಿಂಗೈಯನ್ನು ಮಗುವಿನ ಕತ್ತಿಗೆ ಒಂದು ಗಳಿಗೆ ಇಟ್ಟು, "ಇದು ಹಲ್ಲು ಬರೋ ಜ್ವರ ಕಣೇ, ಹೆದರ್ಬ್ಯಾಡ" ಎಂದೋ, "ಇದು ನನ್ ಕೈಲಿ ಆಗೋದಲ್ಲ, ಇವತ್ತೇ ಅಜ್ಜಂಪುರಕ್ಕೆ ಗಾಡಿ ಕಟ್ಟು" ಎಂದೋ ಹೇಳುತ್ತಿದ್ದರು. ಅವರ ಮಾತು ತಪ್ಪಿದ್ದನ್ನು ನಾನು ಕಂಡಿಲ್ಲ. ಸೊಸೆಯಾಗಿ ಬಂದ ಹೊಸತರಲ್ಲಿ ನನಗೆ ಇದೆಲ್ಲ ಕೊಂಚ ಜಂಬದ ಹಾಗೆ ಕಾಣುತ್ತಿತ್ತು. ಬಾಯಿ ಬಿಟ್ಟು ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ನಮ್ಮೂರಿಗೆ ಪ್ಲೇಗು ಎರಡನೆಯ ಸಲ ಬಂದ ವರ್ಷ ನಾವೆಲ್ಲ ಊರು ಬಿಟ್ಟು ತೆಂಗಿನ ತೋಟದಲ್ಲಿ ಗರಿಯ ಗುಡಿಸಲು ಹಾಕಿಕೊಂಡಿದ್ದೆವು. ತಳವಾರ ತಮಟೆ ಬಡಿದು ಸರ್ಕಾರದ ಅಪ್ಪಣೆ ಸಾರಿದ್ದ. ಇಲಿ ಸತ್ತು ಬಿದ್ದ ಮನೆಯಲ್ಲಿ ಯಾರೂ ಇರಕೂಡದು, ಸೂರಿನ ಹೆಂಚು ತೆಗೆದು ಬಿಸಿಲು ಬಿಡಬೇಕು, ಎಲ್ಲಿಗೆ ಹೋದರೂ ಕಾಯಿಸಿದ ನೀರನ್ನೇ ಕುಡಿಯಬೇಕು, ಬೇರೆ ಊರಿಗೆ ಹೋಗುವವರು ಡಾಕ್ಟರಿಗೆ ಮೈ ತೋರಿಸಿಯೇ ಹೋಗಬೇಕು. ಅಷ್ಟು ದಿನ ಸರ್ಕಾರ ನಮ್ಮ ಕಂದಾಯದ ವಿಚಾರ ಬಿಟ್ಟು ನೀರಿನ ವಿಚಾರಕ್ಕೆ ಬಂದದ್ದೇ ಇಲ್ಲ. ಏಕೆ ಬಂತು ಎಂದು ಯಾರಿಗೂ ತಿಳಿಯಲಿಲ್ಲ. ಆದರೂ ನಾನು ದಿನಾ ಬೆಳಿಗ್ಗೆ ಹಿತ್ತಾಳೆ ತಂಬಿಗೆಯ ತುಂಬ ನೀರು ಕುದಿಸಿಡುತ್ತಿದ್ದೆ. ತಪ್ಪದೆ ಮಾಡುತ್ತಿದ್ದೇನೆಂಬ ಹೆಮ್ಮೆಯೂ ನನಗಿತ್ತು.

ಅದೇ ಸಮಯಕ್ಕೆ ತರೀಕೆರೆಯಲ್ಲಿದ್ದ ನನ್ನ ನಾದಿನಿಗೆ ದಿನ ತುಂಬಿತ್ತು. ಅತ್ತೆಗೆ ಅವಳೊಬ್ಬಳೇ ಮಗಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಾದದ್ದು, ಆದರೆ ಪ್ಲೇಗಿನ ಊರಿಗೆ ಬಸುರಿಯನ್ನು ಕರೆತರುವುದು ಹೇಗೆ? ಅಲ್ಲಿ ಅವಳ ಅತ್ತೆ ತೀರಿಕೊಂಡಿದ್ದರು, ಬಾಣಂತನ ಮಾಡುವವರು ಯಾರೂ ಇರಲಿಲ್ಲ. "ಅವ್ವ, ನೀನು ಬಂದು ನನ್ನ ಪಕ್ಕ ಕೂತರೇ ನನಗೆ ಜೀವ" ಎಂದು ಯಾರ ಕೈಯಲ್ಲೋ ಕಾಗದ ಬರೆಸಿದ್ದಳು. ಅತ್ತೆ ಆ ಕಾಗದವನ್ನು ಸೆರಗಿಗೆ ಗಂಟು ಹಾಕಿಕೊಂಡು, "ನಡಿಯೇ, ನೀನೂ ಬಾ" ಎಂದರು. ನನ್ನ ಯಜಮಾನರು ದನಕರು ಬಿಟ್ಟು ಬರುವ ಹಾಗಿರಲಿಲ್ಲ. ಪ್ಲೇಗಿನ ಊರಿನ ಗಾಡಿಯನ್ನು ದಾರಿಯ ಹಳ್ಳಿಯವರು ಒಳಕ್ಕೆ ಬಿಡುತ್ತಿರಲಿಲ್ಲವಾದ್ದರಿಂದ ನಾವಿಬ್ಬರು ಹೆಂಗಸರು ಅಜ್ಜಂಪುರದಲ್ಲಿ ರೈಲು ಹತ್ತಿದೆವು. ನನ್ನ ಮಡಿಲಲ್ಲಿ ಬಟ್ಟೆ ಸುತ್ತಿದ ತಂಬಿಗೆ, ಅದರಲ್ಲಿ ಹೊರಡುವ ಮುಂಚೆ ಕುದಿಸಿದ ನೀರು.

ತರೀಕೆರೆಗೆ ಹೋಗಲು ಗಾಡಿ ಬದಲಿಸಬೇಕಾದ ಸ್ಟೇಷನ್ನಿನಲ್ಲಿ ಎಲ್ಲರನ್ನೂ ಇಳಿಸಿ ಸಾಲು ನಿಲ್ಲಿಸಿದರು. ಗಂಡಸರನ್ನು ಡಾಕ್ಟರು ನೋಡುತ್ತಿದ್ದರು. ಹೆಂಗಸರಿಗೆ ಗೋಣಿತಟ್ಟಿನ ಮರೆ ಕಟ್ಟಿ ಒಬ್ಬ ನರ್ಸಮ್ಮನನ್ನು ಕೂರಿಸಿದ್ದರು. ಆಕೆಯ ಕೈಯಲ್ಲಿ ಬೆರಳುದ್ದದ ಒಂದು ಗಾಜಿನ ಕಡ್ಡಿ. ಒಬ್ಬೊಬ್ಬರ ನಾಲಿಗೆಯಡಿ ಇಟ್ಟು, ತೆಗೆದು ನೋಡಿ, ಯಾರಿಗೋ ಹೊಡೆಯುವ ಹಾಗೆ ಗಾಳಿಯಲ್ಲಿ ಎರಡು ಸಲ ಝಾಡಿಸಿ, ಬಟ್ಟಲಿನ ಔಷಧಿ ನೀರಿಗೆ ಅದ್ದಿ ಮುಂದಿನವರ ಬಾಯಿಗೆ ಇಡುತ್ತಿದ್ದರು. ಝಾಡಿಸುವುದು ಏಕೆಂದು ನನಗೆ ಅರ್ಥವಾಗಲಿಲ್ಲ. ನೀರು ಉದುರಿಸಲು ಎನ್ನೋಣವೆಂದರೆ, ಆಮೇಲೆ ಮತ್ತೆ ನೀರಿಗೇ ಅದ್ದುತ್ತಿದ್ದರಲ್ಲ!

ನನ್ನ ಸರದಿ ಮೊದಲು ಬಂತು. ಕಣ್ಣು ಮುಚ್ಚಿ ಬಾಯಿ ತೆರೆದೆ. "ಸರಿ ಇದೆ, ಹೋಗಮ್ಮ" ಎಂದರು. ಅತ್ತೆ ಮಾತ್ರ ಬಾಯಿ ಬಿಗಿದು ನಿಂತರು.

"ಅಲ್ಲ ಕಣಮ್ಮ, ಊರೋರ ಬಾಯಿಗೆಲ್ಲ ಹೋದ ಎಂಜಲು ಕಡ್ಡಿ ಅದು. ನನ್ ಕೊರಳಲ್ಲಿ ಲಿಂಗ ಐತೆ. ಹೆಂಗ್ ಬಾಯಿಗೆ ಇಕ್ಕಳ್ಳಿ?"

"ಔಷಧಿ ನೀರಲ್ಲಿ ಅದ್ದಿದೀನಲ್ಲಮ್ಮ."

"ಆ ನೀರಿಗೂ ಎಲ್ಲರ ಎಂಜಲೂ ಸೇರೈತಲ್ಲ! ನಮ್ ನೀರಲ್ಲಿ ತೊಳ್ಕೊಟ್ರೆ ಇಕ್ಕಳ್ತೀನಿ."

ಹಿಂದೆ ಸಾಲು ಗೊಣಗುತ್ತಿತ್ತು. ನರ್ಸಮ್ಮನಿಗೂ ಸಾಕಾಗಿತ್ತು. "ತೊಳ್ಕೊಳ್ಳಿ, ಬೇಗ" ಎಂದು ಕಡ್ಡಿಯನ್ನು ನನ್ನ ಕೈಗೇ ಕೊಟ್ಟು ಮತ್ತೊಬ್ಬಳ ಬಗಲಲ್ಲಿ ಪ್ಲೇಗಿನ ಗಡ್ಡೆ ಇದೆಯೇ ಎಂದು ನೋಡಲು ತಿರುಗಿದರು. ನಾನು ತಂಬಿಗೆಯ ಬಾಯಿ ಬಿಚ್ಚಿದೆ. ನೀರು ಸುಡುತ್ತಿರಲಿಲ್ಲ, ಮಗುವಿಗೆ ಎರೆಯುವಷ್ಟು ಬೆಚ್ಚಗಿತ್ತು. ಅತ್ತೆಗೆ ಸಮಾಧಾನವಾಗಲಿ ಎಂದು ಧಾರಾಳವಾಗಿ ಸುರಿದು ಮೂರು ಸಲ ತೊಳೆದೆ. ನರ್ಸಮ್ಮ ಅದನ್ನು ಇಸಿದುಕೊಂಡು ಹಾಗೆಯೇ ಅತ್ತೆಯ ನಾಲಿಗೆಯಡಿ ಇಟ್ಟರು. ತೆಗೆದು ನೋಡಿದವರ ಮುಖ ಬದಲಾಯಿತು.

ಆಕೆ ಅತ್ತೆಯ ಹಣೆ ಮುಟ್ಟಿ ನೋಡಿದರು. ಮತ್ತೆ ಕಡ್ಡಿ ನೋಡಿದರು. ಮತ್ತೆ ಹಣೆ ಮುಟ್ಟಿದರು. ಆಮೇಲೆ ಡಾಕ್ಟರನ್ನು ಕರೆದರು. ಡಾಕ್ಟರು ಕಡ್ಡಿಯನ್ನು ಬೆಳಕಿಗೆ ಹಿಡಿದು, "ನೂರಾ ಮೂರು! ಯಾವೂರು?" ಎಂದರು. ಊರಿನ ಹೆಸರು ಕೇಳಿದ ಮೇಲೆ ಅವರು ಬೇರೇನೂ ಕೇಳಲಿಲ್ಲ. "ಮೈ ತಣ್ಣಗೇ ಇದೆ ಸಾರ್" ಎಂದು ನರ್ಸಮ್ಮ ಮೆಲ್ಲಗೆ ಹೇಳಿದರು. "ಕೈ ಸುಳ್ಳು ಹೇಳುತ್ತೆ, ಇದು ಹೇಳಲ್ಲ" ಎಂದು ಡಾಕ್ಟರು ಚೀಟಿ ಬರೆದರು. ಜ್ವರ ಕಂಡವರೂ ಅವರ ಜೊತೆಗಿದ್ದವರೂ ಸ್ಟೇಷನ್ನಿನ ಆಚೆಯ ಶೆಡ್ಡಿನಲ್ಲಿ ಹತ್ತು ದಿನ ಇರಬೇಕು, ಅದು ಸರ್ಕಾರದ ನಿಯಮ. ತರೀಕೆರೆಯ ಗಾಡಿ ನಮ್ಮ ಕಣ್ಣೆದುರಿಗೇ ಹೊರಟುಹೋಯಿತು.

"ನಂಗೆ ಜ್ವರ ಇಲ್ಲ ಕಣ್ರೀ! ಮಗಳು ಕಾಯ್ತಾವ್ಳೆ, ಬಿಡ್ರೀ!" ಎಂದು ಅತ್ತೆ ಕೂಗಿದರು. ಯಾರ ಎದುರಿಗೂ ದನಿ ತಗ್ಗಿಸದ ಹೆಂಗಸು ಅವತ್ತು ಕೈ ಮುಗಿದದ್ದನ್ನು ನೋಡಿದೆ. ನನಗೆ ಅಳು ಬಂತು.

ಮರುದಿನ ಬೆಳಿಗ್ಗೆ ಶೆಡ್ಡಿಗೆ ಬಂದ ಬೇರೊಬ್ಬ ಡಾಕ್ಟರು ಕಡ್ಡಿ ಇಟ್ಟು ನೋಡಿ ಜ್ವರ ಇಲ್ಲ ಎಂದರು. ಅಂದು ಅತ್ತೆ ತೊಳೆಯಬೇಕೆಂದು ಹಟ ಮಾಡಲಿಲ್ಲ, ಬಾಯಿ ತೆರೆದು ಕೂತರು. "ಹಂಗಾದ್ರೆ ಬಿಡಿ ಸ್ವಾಮಿ" ಎಂದರೆ, "ಈಗ ಇಲ್ಲ, ನಿನ್ನೆ ಇತ್ತಲ್ಲ. ಇಳಿದು ಮತ್ತೆ ಏರೋದೂ ಉಂಟು" ಎಂದರು. ಇಲ್ಲದ ಜ್ವರಕ್ಕೆ ಕಾವಲು ಕೂರುವುದು ಹೇಗೋ ನನಗೆ ತಿಳಿಯಲಿಲ್ಲ. ಇತ್ತು ಎನ್ನುವವರೂ ಓದಿದವರು, ಇಲ್ಲ ಎನ್ನುವವರೂ ಓದಿದವರು. ನಾನು ಅತ್ತೆಯ ಹಣೆ ಮುಟ್ಟಿದರೆ ಬರೀ ಹಣೆ.

ಮೊದಲ ಎರಡು ದಿನ ಅತ್ತೆ ಸರ್ಕಾರವನ್ನು, ಗಾಜನ್ನು, ಡಾಕ್ಟರ ಟೋಪಿಯನ್ನು ಬಾಯಿಗೆ ಬಂದಂತೆ ಬೈದರು. ಮೂರನೆಯ ದಿನ ಸುಮ್ಮನಾದರು. ಕೂತಲ್ಲಿ ನಿಂತಲ್ಲಿ ತಮ್ಮ ಕತ್ತಿಗೆ ತಾವೇ ಹಿಂಗೈ ಇಟ್ಟುಕೊಳ್ಳುತ್ತಿದ್ದರು. "ಲೇ, ಊರ ಮಕ್ಕಳ ಜ್ವರ ಎಲ್ಲ ಗೊತ್ತಾಗ್ತಿತ್ತು. ನನ್ ಮೈಗೆ ಬಂದದ್ದು ನಂಗೇ ಗೊತ್ತಾಗ್ಲಿಲ್ವಲ್ಲೇ" ಎಂದರು. "ಬಂದಿರಲಿಲ್ಲ ಬಿಡಿ ಅತ್ತೆ" ಎಂದೆ. "ಹಂಗಾದ್ರೆ ಆ ಕಡ್ಡೀಲಿ ಏರಿದ್ದೇನು?" ಎಂದು ಕೇಳಿದರು. ನಾಲ್ಕನೆಯ ದಿನದಿಂದ ನನ್ನನ್ನು ಪಕ್ಕದಲ್ಲಿ ಕೂತು ಉಣ್ಣಲು ಬಿಡಲಿಲ್ಲ.

ಹತ್ತು ದಿನ ಕಳೆದು ತರೀಕೆರೆ ಮುಟ್ಟುವಷ್ಟರಲ್ಲಿ ಹೆರಿಗೆಯಾಗಿ ನಾಲ್ಕು ದಿನವಾಗಿತ್ತು. ಸೂಲಗಿತ್ತಿಯೊಬ್ಬಳನ್ನೇ ನಂಬಿಕೊಂಡು ಎರಡು ಹಗಲು ನೋವು ತಿಂದಿದ್ದಳು ನನ್ನ ನಾದಿನಿ. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಉಳಿದಿದ್ದರು. ಅವ್ವನನ್ನು ಕಂಡೊಡನೆ ಅವಳು ಅತ್ತಳು. ಅಳುತ್ತಲೇ ಮಗುವನ್ನು ಎತ್ತಿ, "ತಗೋ, ನಿನ್ ಮೊಮ್ಮಗಳು. ನೀನೇ ಎರೀಬೇಕು ಅಂತ ಕಾಯ್ತಿದ್ದೆ" ಎಂದು ಮುಂದೆ ಹಿಡಿದಳು.

ಅತ್ತೆ ಬಾಣಂತಿ ಕೋಣೆಯ ಹೊಸಿಲು ದಾಟಲಿಲ್ಲ. "ಬ್ಯಾಡ ಕಣವ್ವ. ನನ್ ಮೈಯಾಗೆ ಏನೈತೋ. ನಂಗೇ ತಿಳೀವಲ್ದು" ಎಂದು ಎರಡೂ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡರು. ಬಾಣಂತನದ ಉದ್ದಕ್ಕೂ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎರೆದವಳು ನಾನು. ಅವರು ಬಾಗಿಲಾಚೆ ಕೂತು, ತಲೆ ಹಿಡಿ, ಕಿವಿಗೆ ನೀರು ಹೋದೀತು ಎಂದು ಹೇಳಿಕೊಡುತ್ತಿದ್ದರು. ನಾದಿನಿಗೆ ಅವ್ವನ ಮೇಲೆ ಮುನಿಸು ಉಳಿಯಿತು. ಊರಿಗೆ ಬಂದ ಮೇಲೂ ಅತ್ತೆ ಯಾರ ಮಗುವಿನ ಕತ್ತನ್ನೂ ಮುಟ್ಟಲಿಲ್ಲ. ಎತ್ತಿಕೊಂಡು ಬಂದವರಿಗೆ, "ನನ್ ಕೈ ನಂಬಬ್ಯಾಡ್ರೀ, ಅಜ್ಜಂಪುರಕ್ಕೆ ಹೋಗಿ" ಎನ್ನುತ್ತಿದ್ದರು.

ಒಂಬತ್ತು ವರ್ಷದ ಮೇಲೆ ನನ್ನ ಕಿರಿಯ ಮಗಳು ಜ್ವರದಿಂದ ಮಲಗಿದಾಗ ಯಜಮಾನರು ಕಡೂರಿನಿಂದ ಒಂದು ಜ್ವರದ ಕಡ್ಡಿ ತಂದರು. ನೋಡಿಕೊಡಲು ಕಾಂಪೌಂಡರು ಮನೆಗೆ ಬಂದಿದ್ದರು. ನಾನು ಅದನ್ನು ತೊಳೆಯಲು ಒಲೆಯ ಮೇಲಿನ ನೀರಿಗೆ ಕೈ ಹಾಕಿದೆ. "ಅಯ್ಯೋ, ಬಿಸಿ ನೀರು ಬೇಡಮ್ಮ! ಪಾದರಸ ನೀರಿನ ಕಾವಿಗೆ ಏರಿಬಿಡುತ್ತೆ. ಝಾಡಿಸೋ ತನಕ ಇಳಿಯಲ್ಲ. ಹಾಗೇ ಬಾಯಿಗಿಟ್ಟರೆ ಇಲ್ಲದ ಜ್ವರ ತೋರಿಸುತ್ತೆ" ಎಂದರು.

ನೀರು ಕಾಯಿಸಿ ಎಂದದ್ದು ಸರ್ಕಾರ, ಕಡ್ಡಿ ಇಡಿ ಎಂದದ್ದೂ ಸರ್ಕಾರ, ತೊಳಿ ಎಂದದ್ದು ಅತ್ತೆ. ಸುರಿದವಳು ನಾನು, ಅದೂ ಮೂರು ಸಲ. ಯಾರನ್ನು ಬೈಯಲಿ? ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅತ್ತೆಯ ಹತ್ತಿರ ಕೂತು ಎಲ್ಲವನ್ನೂ ಹೇಳಿದೆ. ಬೈಯಲಿ, ಹೊಡೆಯಲಿ ಎಂದು ತಲೆ ತಗ್ಗಿಸಿದ್ದೆ. ಅವರು ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟರು.

"ಹಂಗಾದ್ರೆ ನಂಗೆ ಜ್ವರ ಬಂದೇ ಇರ್ಲಿಲ್ವಾ?"

"ಇಲ್ಲ ಅತ್ತೆ."

ತುಂಬ ಹೊತ್ತು ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಹಂಗಾದ್ರೆ ಆ ಕೂಸ್ನ ನಾನು ಎತ್ಕೋಬೋದಾಗಿತ್ತು ಕಣೇ" ಎಂದರು.

ಆ ಕೂಸಿಗೆ ಆಗ ಒಂಬತ್ತು ವರ್ಷ. ಹಬ್ಬಕ್ಕೆಂದು ಬಂದವಳು ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು.